30 ವರ್ಷಕ್ಕೆ ಮುಗಿಯಬೇಕಾದ ಎಣ್ಣೆ ಯಾಕೆ ಮುಗಿಯುತ್ತಿಲ್ಲ?

ನಾವು ಶಾಲೆಯಲ್ಲಿದ್ದಾಗ ಮೇಷ್ಟ್ರು ಹೇಳುತ್ತಿದ್ದರು: ಇನ್ನು 30 ವರ್ಷಕ್ಕೆ ಪೆಟ್ರೋಲ್ ಖಾಲಿ. 30 ವರ್ಷ ಕಳೆಯಿತು, ಬಂಕ್‌ಗಳು ಜಾಸ್ತಿಯೇ ಆಗಿವೆ. ಈಗಿನ ಲೆಕ್ಕ ಕೇಳಿದರೆ, ಉಳಿದಿರುವುದು ಇನ್ನೂ ಸುಮಾರು 50 ವರ್ಷಕ್ಕೆ ಸಾಕಂತೆ! ಅಕ್ಷಯಪಾತ್ರೆಯ ಕಥೆ ಆಯ್ತಲ್ವಾ?

ಈ ಭಯಕ್ಕೆ ಲೆಕ್ಕದ ರೂಪ ಕೊಟ್ಟವರು ಶೆಲ್ ಕಂಪನಿಯ ಭೂವಿಜ್ಞಾನಿ ಎಂ. ಕಿಂಗ್ ಹಬರ್ಟ್. ಅಮೆರಿಕದ ತೈಲ ಉತ್ಪಾದನೆ 1965ರಿಂದ 1970ರ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ ಎಂದು 1956ರಲ್ಲೇ ಹೇಳಿದರು. ತುಂಬಾ ಜನ ನಂಬಲಿಲ್ಲ. 1970ರಲ್ಲಿ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ತಲುಪಿದ ಉತ್ಪಾದನೆ ಅಲ್ಲಿಂದ ಇಳಿಯಿತು. 1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದಾಗ ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. 2008ರಲ್ಲಿ ಬ್ಯಾರೆಲ್‌ಗೆ 147 ಡಾಲರ್. ಹಬರ್ಟ್ ಗೆದ್ದರು ಎಂದೇ ಎಲ್ಲರೂ ಅಂದುಕೊಂಡರು.

ಎಡವಟ್ಟು ಇರುವುದು ‘ಇಷ್ಟು ವರ್ಷಕ್ಕೆ ಸಾಕು’ ಎಂಬ ಲೆಕ್ಕದಲ್ಲಿ ಬಳಸುವ ‘ನಿಕ್ಷೇಪ’ ಎಂಬ ಪದದಲ್ಲಿ. ಅದು ನೆಲದಡಿ ಇರುವ ಎಲ್ಲ ಎಣ್ಣೆಯ ಲೆಕ್ಕ ಅಲ್ಲ. ಇವತ್ತಿನ ಬೆಲೆಗೆ, ಇವತ್ತಿನ ತಂತ್ರದಿಂದ, ಗಿಟ್ಟುವಂತೆ ತೆಗೆಯಬಹುದಾದಷ್ಟು ಮಾತ್ರ. ಕೋಲಾರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರೆದ ಬಾವಿ ಬತ್ತಿದಾಗ ಬೋರ್‌ವೆಲ್ ಬಂತು, ಆಮೇಲೆ ಸಾವಿರ ಅಡಿಗೂ ನೀರು ಹುಡುಕಿದರು. ನೀರು ಸಿಕ್ಕಿತು, ಸಾಲವೂ ಬೆಳೆಯಿತು.

ಎಣ್ಣೆಯಲ್ಲೂ ಹಾಗೇ. ಟೆಕ್ಸಾಸ್‌ನಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ ವರ್ಷಗಟ್ಟಲೆ ಹೆಣಗಿ, 1990ರ ದಶಕದ ಕೊನೆಗೆ ಶೇಲ್ ಎಂಬ ಬಿಗಿಯಾದ ಪದರ ಬಂಡೆಯಿಂದ ಅನಿಲ ತೆಗೆಯುವ ದಾರಿ ಕಂಡುಕೊಂಡಿತು. ನೀರು, ಮರಳು, ಒಂದಿಷ್ಟು ರಾಸಾಯನಿಕವನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆ ಬಿರಿಸುವುದು. ಇದಕ್ಕೆ ಅಡ್ಡಡ್ಡ ಕೊರೆಯುವ ವಿದ್ಯೆ ಸೇರಿದ ಮೇಲೆ ಎಣ್ಣೆಯೂ ಹೊರಬಂತು. 2018ರಲ್ಲಿ ಅಮೆರಿಕ ತನ್ನ 1970ರ ದಾಖಲೆಯನ್ನೇ ಮುರಿಯಿತು. 2023ರಲ್ಲಿ ದಿನಕ್ಕೆ ಸುಮಾರು 129 ಲಕ್ಷ ಬ್ಯಾರೆಲ್!

ಆದರೆ ಶೇಲ್ ಬಾವಿಗೆ ಉಸಿರು ಕಮ್ಮಿ. ಮೊದಲ ವರ್ಷದಲ್ಲೇ ಇಳುವರಿ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಹೊಸದು ಕೊರೆಯುತ್ತಲೇ ಇರಬೇಕು. ಬೆಲೆ ಬಿದ್ದರೆ ಕೊರೆಯುವವರು ಕೈಕಟ್ಟಿ ಕೂರುತ್ತಾರೆ. ಹಾಗಾಗಿ ‘ಎಷ್ಟು ವರ್ಷಕ್ಕೆ ಸಾಕು’ ಅನ್ನುವುದಕ್ಕಿಂತ ‘ಯಾವ ಬೆಲೆಗೆ, ಯಾರ ಕೈಯಿಂದ’ ಅನ್ನುವುದೇ ನನಗೆ ಸರಿಯಾದ ಪ್ರಶ್ನೆ ಅನಿಸುತ್ತದೆ.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಜಾಸ್ತಿ ಹೊರಗಿನಿಂದ ತರಿಸುತ್ತದೆ. ಅದಕ್ಕೇ ಮಂಗಳೂರಿನಲ್ಲಿ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ತೈಲದ ಕಣಜ ಮಾಡಿದ್ದಾರೆ. ವಿಶಾಖಪಟ್ಟಣದ್ದೂ ಸೇರಿದರೆ ಸುಮಾರು 53 ಲಕ್ಷ ಟನ್ ಹಿಡಿಯುತ್ತದೆ. ಪೂರ್ತಿ ತುಂಬಿಟ್ಟರೂ ಇಡೀ ದೇಶಕ್ಕೆ ಒಂಬತ್ತು–ಹತ್ತು ದಿನಕ್ಕೆ ಸಾಕು.