ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ, ಕಾರಿನಲ್ಲಿ ಕರೆಂಟ್ ಇಲ್ಲ: ವೋಲ್ಟೇಜ್ ಡ್ರಾಪ್ ಟಿಪ್ಪಣಿ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು, ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲು. ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್, ಅಂದರೆ ಫುಲ್ ಚಾರ್ಜ್. ಇಲ್ಲಿ ಅಳತೆ ಮಾಡದೆ ಹೊಸ ಬ್ಯಾಟರಿ ಹಾಕಿಸಿದರೆ ದುಡ್ಡು ದಂಡವಾಗಬಹುದು.

ಮೊದಲು ಏನೇನು ಸತ್ತಿದೆ ನೋಡಿ

ಹಾರ್ನ್, ಹಜಾರ್ಡ್ ಲೈಟ್, ಬ್ರೇಕ್ ಲೈಟ್ ಹೆಚ್ಚಿನ ಕಾರುಗಳಲ್ಲಿ ಕೀ ಇಲ್ಲದೆಯೂ ನಡೆಯುತ್ತವೆ. ವೈಪರ್, ಬ್ಲೋವರ್‌ಗೆ ಕೀ ಆನ್ ಇರಬೇಕು. ಎರಡೂ ಗುಂಪು ಸತ್ತಿದ್ದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಅರ್ತ್ ಕೇಬಲ್ (ಬ್ಯಾಟರಿ ಮೈನಸ್‌ನಿಂದ ಬಾಡಿಗೆ, ಎಂಜಿನ್‌ಗೆ ಹೋಗುವುದು) ನೋಡಿ. ಎರಡನೆಯದು ಮಾತ್ರ ಸತ್ತಿದ್ದರೆ ಇಗ್ನಿಷನ್ ಸ್ವಿಚ್, ಅದರ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್). ಒಂದೇ ಸಾಮಾನು ಸತ್ತಿದ್ದರೆ ಅದರ ಫ್ಯೂಸ್.

ಡ್ರಾಪ್ ಅಳೆಯುವುದು

ಮೀಟರ್ ತನಗಾಗಿ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12.6 ಎಂದೇ ತೋರಿಸುತ್ತದೆ. ಲೋಡ್ ಬಿದ್ದಾಗ ಮಾತ್ರ ನಿಜ ಗೊತ್ತಾಗುವುದು.

ಲೆಕ್ಕ ಹಾಕಿ: ದಾರಿಯಲ್ಲಿ ಕಳೆದುಹೋಗುವ ವೋಲ್ಟ್ (ಇದೇ ವೋಲ್ಟೇಜ್ ಡ್ರಾಪ್) = ಆಂಪಿಯರ್ × ಓಮ್. ಬ್ಯಾಟರಿಯ ಸೀಸದ ಪೋಸ್ಟ್ ಅನ್ನು ಹಿಡಿದಿರುವ ಕೇಬಲ್ ಕ್ಲ್ಯಾಂಪ್ ಕಿಲುಬು ಹಿಡಿದು ಅಲ್ಲಿ 0.02 ಓಮ್ ಇದೆ ಅನ್ನಿ. ಎರಡು ಹೆಡ್‌ಲೈಟ್ ಸುಮಾರು 9 ಆಂಪಿಯರ್ ಎಳೆಯುತ್ತವೆ, ನಷ್ಟ 0.18 ವೋಲ್ಟ್, ಕಣ್ಣಿಗೆ ಕಾಣುವುದೇ ಇಲ್ಲ. ಎಂಜಿನ್ ಹತ್ತಿಸುವ ಸೆಲ್ಫ್ ಮೋಟರ್ 150 ಆಂಪಿಯರ್ ಎಳೆದರೆ ನಷ್ಟ 3 ವೋಲ್ಟ್. ಲೈಟ್ ಚೆನ್ನಾಗಿ ಉರಿಯುತ್ತದೆ, ಸೆಲ್ಫ್ ಹೊಡೆಯುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ಕೂಡಿಕೆ ಇನ್ನೂ ಹಾಳಾಗಿದ್ದರೆ ಆ ಎಳೆತಕ್ಕೆ ಪೂರ್ತಿ ಕಡಿದುಹೋಗಿ ಎಲ್ಲವೂ ಕತ್ತಲಾಗುತ್ತದೆ, ಕೇಬಲ್ ಅಲ್ಲಾಡಿಸಿದರೆ ಮತ್ತೆ ಬರುತ್ತದೆ. ಓಮ್ ಮೋಡ್‌ನಲ್ಲಿ ಇದನ್ನು ಹಿಡಿಯಲಾಗದು. ಸಾಧಾರಣ ಮೀಟರ್‌ನ ವೈರ್‌ಗಳಿಗೇ 0.2 ಓಮ್ ಆಸುಪಾಸು ಇರುತ್ತದೆ, ಅದರ ಮುಂದೆ 0.02 ಎಲ್ಲಿ ಕಾಣಬೇಕು!

ಮೀಟರ್ ಡಿಸಿ 20 ವೋಲ್ಟ್‌ನಲ್ಲಿರಲಿ. ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿ ಉಳಿದಿದ್ದರೆ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ, ಮೊದಲು ಅದನ್ನು ನೋಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಎಂಜಿನ್ ಹತ್ತದಂತೆ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದಿಡಿ. ಇನ್ನೊಬ್ಬರು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಅಳತೆ ಓದಬೇಕಾದದ್ದು ಆಗಲೇ.

ಪ್ಲಸ್ ಪೋಸ್ಟ್‌ನಿಂದ ಮೈನಸ್ ಪೋಸ್ಟ್‌ಗೆ: 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಮೇಲೆ ಅನುಮಾನ. ಸೆಲ್ಫ್ ತಿರುಗದೆ 12.5ರಲ್ಲೇ ನಿಂತರೆ ಕರೆಂಟ್ ಹರಿಯುತ್ತಲೇ ಇಲ್ಲ, ದಾರಿ ಕಡಿದಿದೆ.
ಮೈನಸ್ ಪೋಸ್ಟ್‌ನಿಂದ ಎಂಜಿನ್ ಬ್ಲಾಕ್‌ಗೆ: 0.2 ದಾಟಬಾರದು.
ಪ್ಲಸ್ ಪೋಸ್ಟ್‌ನಿಂದ ಸೆಲ್ಫ್ ಮೋಟರ್‌ನ ದಪ್ಪ ಬೋಲ್ಟ್‌ಗೆ: 0.5 ದಾಟಬಾರದು.

ಎಡವುವುದು ಈ ಕೊನೆಯ ಎರಡರಲ್ಲಿ. ಎರಡೂ ಪ್ರೋಬ್ (ಮೀಟರ್ ವೈರ್‌ನ ಚೂಪು ತುದಿ) ಒಂದೇ ಬದಿಯಲ್ಲಿರುತ್ತವೆ; ಮೀಟರ್ ಹೇಳುವುದು ಎಷ್ಟು ವೋಲ್ಟ್ ಇದೆ ಎಂದಲ್ಲ, ನಡುದಾರಿಯಲ್ಲಿ ಎಷ್ಟು ಸೋರಿತು ಎಂದು. ಇಲ್ಲಿ ಸೊನ್ನೆಯೇ ಒಳ್ಳೆಯ ಫಲಿತಾಂಶ. ಆದರೆ ಸೆಲ್ಫ್ ಹೊಡೆಯದೆ ಅಳೆದರೆ ಕೆಟ್ಟ ಕೇಬಲ್ಲೂ ಸೊನ್ನೆ ತೋರಿಸುತ್ತದೆ, ಆಂಪಿಯರ್ ಇಲ್ಲದಿದ್ದರೆ ಗುಣಲಬ್ಧ ಸೊನ್ನೆಯೇ ತಾನೆ. ಪ್ರೋಬ್ ಕ್ಲ್ಯಾಂಪ್‌ಗೆ ಅಲ್ಲ, ನಡುವಿನ ಸೀಸದ ಪೋಸ್ಟ್‌ಗೇ ಚುಚ್ಚಬೇಕು. ಕ್ಲ್ಯಾಂಪ್‌ಗೆ ಚುಚ್ಚಿದರೆ ಕಾಯಿಲೆಯ ಜಾಗವೇ ಅಳತೆಯ ಹೊರಗುಳಿಯುತ್ತದೆ. ನಷ್ಟ ಹೆಚ್ಚು ಬಂದರೆ ಪೋಸ್ಟ್‌ನಿಂದ ಕ್ಲ್ಯಾಂಪ್‌ಗೆ, ಕ್ಲ್ಯಾಂಪ್‌ನಿಂದ ಕೇಬಲ್ ತುದಿಗೆ, ಹೀಗೆ ತುಂಡು ತುಂಡಾಗಿ ಅಳೆಯುತ್ತಾ ಹೋಗಿ.

ಪೋಸ್ಟ್ ತೊಳೆಯಲು ಬಿಸಿನೀರಿಗೆ ಅಡುಗೆ ಸೋಡಾ ಸಾಕು, ಬ್ಯಾಟರಿಯೊಳಗೆ ಹೋಗದಿರಲಿ. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಉಪ್ಪುಕಾಗದದಲ್ಲಿ ಉಜ್ಜಿ, ಕೈಯಲ್ಲಿ ತಿರುಗಿಸಿದರೆ ಅಲ್ಲಾಡದಷ್ಟು ಬಿಗಿಮಾಡಿ.

ಹಳೆಯ ಓನರ್ ಮಾಡಿಸಿದ್ದು

ಮ್ಯೂಸಿಕ್ ಸಿಸ್ಟಮ್, ಫಾಗ್ ಲ್ಯಾಂಪ್‌ಗಳಿಗೆ ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಎಳೆದ ವೈರ್, ಟೇಪ್ ಸುತ್ತಿದ ಜಾಯಿಂಟ್ ಹುಡುಕಿ. ಕೆಂಪು 10 ಆಂಪಿಯರ್ ಫ್ಯೂಸ್ ಇರಬೇಕಾದಲ್ಲಿ ಹಸಿರು 30 ಕೂತಿದ್ದರೆ ಆ ಲೈನ್‌ನಲ್ಲಿ ಹಿಂದೆ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು.

ಓಡುತ್ತಾ ನಿಂತರೆ

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 12ರ ಆಸುಪಾಸಿನಲ್ಲಿದ್ದು ಇಳಿಯುತ್ತಿದ್ದರೆ ಡೈನಮೋ (ಆಲ್ಟರ್ನೇಟರ್) ಚಾರ್ಜ್ ಮಾಡುತ್ತಿಲ್ಲ, ಅಥವಾ ಚಾರ್ಜ್ ಬ್ಯಾಟರಿ ತಲುಪುತ್ತಿಲ್ಲ. ಪರೀಕ್ಷಿಸಲೆಂದು ಓಡುವ ಎಂಜಿನ್‌ನಲ್ಲಿ ಟರ್ಮಿನಲ್ ಬಿಚ್ಚುವ ಅಭ್ಯಾಸ ದಯವಿಟ್ಟು ಬೇಡ. ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟುಹೋಗಬಹುದು. ಬದಲಿಗೆ ಹೆಡ್‌ಲೈಟ್, ಬ್ಲೋವರ್ ಹಾಕಿ, ಡೈನಮೋದ ದಪ್ಪ ಬೋಲ್ಟ್‌ನಿಂದ ಬ್ಯಾಟರಿ ಪ್ಲಸ್ ಪೋಸ್ಟ್‌ಗೆ ಡ್ರಾಪ್ ಅಳೆಯಿರಿ. 0.5 ದಾಟಿದರೆ ಡೈನಮೋ ಬಿಚ್ಚುವ ಮೊದಲು ಆ ಕೇಬಲ್, ಅದರ ನಡುವಿನ ಮೇನ್ ಫ್ಯೂಸ್ ನೋಡಿ.