ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಆಗಬೇಕೆಂದಿಲ್ಲ

ಮಳೆಗಾಲದಲ್ಲಿ ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಜನ ಹುಡುಕುವ ಸಂಖ್ಯೆ ಒಂದೇ, ಪ್ಲೇಟ್‌ಲೆಟ್. ಶಾಲೆಯ ಪಾಠದಲ್ಲಿ ‘ಕಿರುತಟ್ಟೆ’ ಎಂದು ಓದಿ ಮರೆತಿದ್ದ ಈ ಕಣವನ್ನು ಮನೆಮಾತಾಗಿಸಿದ್ದು ಡೆಂಗಿ. ಅದರ ಜೊತೆಗೇ, ಪ್ಲೇಟ್‌ಲೆಟ್ ಇಳಿದರೆ ಅದು ಡೆಂಗಿಯೇ ಇರಬೇಕೆಂಬ ನಂಬಿಕೆಯೂ ಬೇರೂರಿದೆ.

ಮಂಡ್ಯ ಸೀಮೆಯ ಕೃಷಿಕರೊಬ್ಬರನ್ನು ಹೀಗೆಯೇ ಡೆಂಗಿಯೆಂದು ಕರೆತಂದಿದ್ದರು. ನಡುಕದ ಜ್ವರ, ಇಳಿದ ರಕ್ತದೊತ್ತಡ, ಪ್ಲೇಟ್‌ಲೆಟ್ 62,000. ಬಹುಕಾಲದಿಂದ ಸಕ್ಕರೆ ಕಾಯಿಲೆಯಿದ್ದ ಅವರ ಅಂಗಾಲಿಗೆ ವಾರದ ಹಿಂದೆ ಕಬ್ಬಿನ ಕೂಳೆ ಚುಚ್ಚಿತ್ತು. ಪಾದದ ಸ್ಪರ್ಶ ಮಂಕಾಗಿದ್ದರಿಂದ ಒಳಗೆ ಕೀವು ತುಂಬಿದ್ದು ಅವರ ಅರಿವಿಗೇ ಬಂದಿರಲಿಲ್ಲ. ಮರುದಿನ ರಕ್ತದ ಕಲ್ಚರ್ ಬಾಟಲಿಯಿಂದ ತೆಗೆದ ಹನಿಯಲ್ಲಿ ದ್ರಾಕ್ಷಿಗೊಂಚಲಿನಂತೆ ಗುಂಪುಗೂಡಿದ ದುಂಡಾಣುಗಳು ಕಂಡವು. ಅವು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬುದು ಆನಂತರ ಖಚಿತವಾಯಿತು. “ಮೊದಲು ಪ್ಲೇಟ್‌ಲೆಟ್ ಹಾಕಿಬಿಡಿ ಸಾರ್” ಎಂದು ಮಗ ಒತ್ತಾಯಿಸುತ್ತಿದ್ದರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕಾದ ಕಣಗಳಲ್ಲಿ ಉಳಿದವು ಎಲ್ಲಿ ಹೋದವು?

ಯಂತ್ರ ಕೊಟ್ಟ ಸಂಖ್ಯೆಯನ್ನು ನಂಬುವ ಮೊದಲು ನಾವು ಸ್ಲೈಡ್ ನೋಡುತ್ತೇವೆ. ಲೀಶ್ಮನ್ ಬಣ್ಣ ಹಾಕಿದ ರಕ್ತಲೇಪದಲ್ಲಿ ಪ್ಲೇಟ್‌ಲೆಟ್‌ಗಳು ಎರಡು–ಮೂರು ಮೈಕ್ರೋಮೀಟರ್ ಅಗಲದ ನೇರಳೆ ಚುಕ್ಕೆಗಳಾಗಿ, ಕೆಂಪುಕಣಗಳ ನಡುವೆ ಚೆಲ್ಲಿದ ರಾಗಿಹಿಟ್ಟಿನಂತೆ ಕಾಣುತ್ತವೆ. ಕೆಲವೊಮ್ಮೆ ಅವು ಬಿಳಿಕಣವೊಂದರ ಸುತ್ತ ಮಣಿಸರದಂತೆ ಅಂಟಿಕೊಂಡಿರುತ್ತವೆ. ಹೊಸದಾಗಿ ಕಲಿಯುವವರು ಇದನ್ನು ಸೋಂಕಿನೊಡನೆ ನಡೆದ ಹೋರಾಟವೆಂದು ಸಂಭ್ರಮಿಸುವುದುಂಟು. ಅದು ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಿರಲೆಂದು ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ರಾಸಾಯನಿಕದ ಕಿತಾಪತಿಯಷ್ಟೇ, ಎಣಿಕೆಯನ್ನು ಸುಳ್ಳುಸುಳ್ಳೇ ತಗ್ಗಿಸುವ ತೊಂದರೆ. ನಿಜವಾದ ಹೋರಾಟ ನಡೆಯುವುದು ಸ್ಲೈಡಿನ ಮೇಲಲ್ಲ, ರಕ್ತನಾಳದ ಒಳಗೋಡೆಯ ಮೇಲೆ ಮತ್ತು ಯಕೃತ್ತಿನಲ್ಲಿ.

ಇಟಲಿಯ ಜೂಲಿಯೊ ಬಿಝೊಝೆರೊ 1882ರಲ್ಲಿ ಪ್ಲೇಟ್‌ಲೆಟ್‌ಗಳನ್ನು ವಿವರಿಸಿದಾಗಿನಿಂದ ಅವುಗಳ ಕೆಲಸವೆಂದರೆ ರಕ್ತ ನಿಲ್ಲಿಸುವುದು ಎಂದೇ ನಾವು ಕಲಿತೆವು. ಅಸ್ಥಿಮಜ್ಜೆಯ ದೈತ್ಯಕೋಶಗಳಿಂದ ಕಳಚಿ ಬಿದ್ದ, ಕೋಶಕೇಂದ್ರವೇ ಇಲ್ಲದ, ಏಳರಿಂದ ಹತ್ತು ದಿನ ಮಾತ್ರ ಬಾಳುವ ತುಣುಕಿನಿಂದ ಅದಕ್ಕಿಂತ ಹೆಚ್ಚನ್ನು ಯಾರೂ ನಿರೀಕ್ಷಿಸಿರಲಿಲ್ಲ. ಆದರೆ ಈ ತುಣುಕಿನ ಹೊರಪೊರೆಯಲ್ಲಿ ಬ್ಯಾಕ್ಟೀರಿಯಾದ ಗೋಡೆಯ ಅಂಶಗಳನ್ನು ಗುರುತಿಸುವ ಟೋಲ್-ಲೈಕ್ ಗ್ರಾಹಕಗಳಿವೆ. ಪ್ರತಿಕಾಯ ಅಂಟಿದ ಬ್ಯಾಕ್ಟೀರಿಯಾವನ್ನು ಹಿಡಿಯುವ ಗ್ರಾಹಕವೂ ಇದೆ. ಒಡಲಿನ ಕಣಿಕೆಗಳಲ್ಲಿ ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಗೆಡವುವ ಚಿಕ್ಕ ಪ್ರೋಟೀನುಗಳಿದ್ದು, ಪ್ಲೇಟ್‌ಲೆಟ್ ಉದ್ರೇಕಗೊಂಡಾಗ ಅವು ಹೊರಬೀಳುತ್ತವೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಅವುಗಳ ಕೂಡುಗೆಲಸ. ನ್ಯೂಟ್ರೋಫಿಲ್ ಎಂಬ ಬಿಳಿಕಣ ತನ್ನದೇ ಡಿಎನ್‌ಎಯನ್ನು ಬಲೆಯಂತೆ ಹೊರಚೆಲ್ಲಿ ಬ್ಯಾಕ್ಟೀರಿಯಾವನ್ನು ಸಿಕ್ಕಿಸುತ್ತದೆಂಬುದನ್ನು ಬರ್ಲಿನ್ನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ತೀವ್ರ ಸೋಂಕಿನಲ್ಲಿ ಆ ಬಲೆ ಬೀಸುವಂತೆ ನ್ಯೂಟ್ರೋಫಿಲನ್ನು ಪ್ರಚೋದಿಸುವುದು ಅದಕ್ಕೆ ಅಂಟಿಕೊಂಡ ಪ್ಲೇಟ್‌ಲೆಟ್ ಎಂಬುದು 2007ರಲ್ಲಿ ಕೆನಡಾದ ಕ್ಯಾಲ್ಗರಿಯಿಂದ ತಿಳಿದುಬಂತು. ಅಲ್ಲಿನ ತಂಡವೇ 2013ರಲ್ಲಿ ಇಲಿಗಳ ಯಕೃತ್ತಿನಲ್ಲಿ ಮತ್ತೊಂದನ್ನು ಗಮನಿಸಿತು: ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾಗಳನ್ನು ಹಿಡಿದು ನುಂಗುವ ಅಲ್ಲಿನ ಕುಪ್ಫರ್ ಕೋಶಗಳನ್ನು ಪ್ಲೇಟ್‌ಲೆಟ್‌ಗಳು ಆರೋಗ್ಯದ ದಿನಗಳಲ್ಲೂ ಗಸ್ತು ತಿರುಗುವವರಂತೆ ಮುಟ್ಟಿ ಮುಂದೆ ಸಾಗುತ್ತಿರುತ್ತವೆ, ಆ ಕೋಶವೊಂದು ಬ್ಯಾಕ್ಟೀರಿಯಾವನ್ನು ಹಿಡಿದಿದ್ದರೆ ಮಾತ್ರ ಅಲ್ಲೇ ನಿಂತು ಅದನ್ನು ಸುತ್ತುಗಟ್ಟುತ್ತವೆ. 2017ರಲ್ಲಿ ಮ್ಯೂನಿಕ್‌ನ ಸಂಶೋಧಕರು, ಪ್ಲೇಟ್‌ಲೆಟ್‌ಗಳು ತಾವೇ ತೆವಳುತ್ತಾ ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳನ್ನು ಗುಡಿಸಿ ಕಟ್ಟು ಕಟ್ಟುತ್ತವೆಂದೂ, ಹಾಗೆ ಒಟ್ಟುಗೂಡಿಸಿದ್ದನ್ನು ನ್ಯೂಟ್ರೋಫಿಲ್‌ಗಳು ಸುಲಭವಾಗಿ ನುಂಗುತ್ತವೆಂದೂ ವರದಿ ಮಾಡಿದರು.

ಇಷ್ಟೆಲ್ಲ ಕೆಲಸಕ್ಕೆ ಇಳಿದ ಪ್ಲೇಟ್‌ಲೆಟ್ ಮತ್ತೆ ಮೊದಲಿನಂತೆ ರಕ್ತದಲ್ಲಿ ತೇಲುವುದು ಕಡಿಮೆ. ಸೋಂಕು ರಕ್ತಕ್ಕೆ ಹರಡಿದಾಗ ಎಣಿಕೆ ಕುಸಿಯಲು ಇದೊಂದು ಮುಖ್ಯ ಕಾರಣ. ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪುಗಟ್ಟುವಿಕೆ ಶುರುವಾದರೆ ಕುಸಿತ ಇನ್ನೂ ಹೆಚ್ಚು. ಸೋಂಕಿಗೆ ದೇಹ ಅಂಕೆ ತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಸೋಲತೊಡಗುವ ಸೆಪ್ಸಿಸ್‌ನ ತೀವ್ರತೆ ಅಳೆಯಲು ತುರ್ತುನಿಗಾ ಘಟಕಗಳು ಬಳಸುವ ಸೋಫಾ ಅಂಕಪಟ್ಟಿಯಲ್ಲಿ ರಕ್ತದೊತ್ತಡ, ಮೂತ್ರಪಿಂಡಗಳ ಜೊತೆಗೆ ಪ್ಲೇಟ್‌ಲೆಟ್ ಎಣಿಕೆಗೂ ಸ್ಥಾನವಿರುವುದು ಸುಮ್ಮನೆ ಅಲ್ಲ.

ಬ್ಯಾಕ್ಟೀರಿಯಾಗಳೂ ಕೈಕಟ್ಟಿ ಕೂತಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ತನ್ನ ಮೈಮೇಲಿನ ಪ್ರೋಟೀನಿನಿಂದ ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಎಳೆಗಳಾಗುವ ಫೈಬ್ರಿನೋಜೆನ್ ಹಿಡಿದು, ಅದರ ಮೂಲಕ ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತದೆ. ಬಾಯಲ್ಲೇ ವಾಸಿಸುವ ಕೆಲವು ಸ್ಟ್ರೆಪ್ಟೋಕಾಕಸ್‌ಗಳೂ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸಬಲ್ಲವು. ರುಮ್ಯಾಟಿಕ್ ಜ್ವರದಿಂದ ಹಾಳಾದ ಹೃದಯಕವಾಟದ ಮೇಲೆ ಇವು ನೆಲೆಯೂರಿದರೆ, ರಕ್ಷಣೆಗೆ ಬಂದ ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಪದರಗಳೇ ಅವುಗಳಿಗೆ ಬಿಲವಾಗುತ್ತವೆ. ಆ ಗಂಟಿನೊಳಕ್ಕೆ ಬಿಳಿಕಣಗಳು ನುಗ್ಗಲಾರವು. ಅದಕ್ಕೇ ಆ ಕಾಯಿಲೆಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಔಷಧ ಕೊಡಬೇಕಾಗುತ್ತದೆ.

ಇನ್ನು ಮಗನ ಬೇಡಿಕೆಯ ಮಾತು. ರಕ್ತಸ್ರಾವವಿಲ್ಲದ ಸೆಪ್ಸಿಸ್ ರೋಗಿಗೆ, ಬೇರೆ ಅಪಾಯಗಳಿಲ್ಲದಿದ್ದರೆ, ಎಣಿಕೆ 10,000ಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಕೊಡುವ ವಾಡಿಕೆಯಿಲ್ಲ. ಗಾಯ ಕೊಯ್ದು ಕೀವು ತೆಗೆಯಲಿಕ್ಕೂ 62,000 ಸಾಕಾಗಿತ್ತು. ಅಲ್ಲದೆ, ಕೆಂಪುಕಣಗಳಂತೆ ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್‌ನಲ್ಲಿಡುವುದಿಲ್ಲ. 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಲುಗಾಡುವ ತಟ್ಟೆಯ ಮೇಲೆ, ಸಾಮಾನ್ಯವಾಗಿ ಐದು ದಿನ ಇಡುತ್ತೇವೆ. ಬ್ಯಾಕ್ಟೀರಿಯಾಕ್ಕೂ ಅದು ಹಿತವಾದ ಬಿಸಿ. ಬ್ಯಾಕ್ಟೀರಿಯಾವನ್ನು ಎದುರಿಸುವ ಕಣದ ಚೀಲವೇ ರಕ್ತನಿಧಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಭಯ ಅತಿ ಹೆಚ್ಚಿರುವ ಚೀಲ! ಹೊರಗೆ ಕೊಡುವ ಮೊದಲು ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತೇವೆ: ಆರೋಗ್ಯವಂತ ಪ್ಲೇಟ್‌ಲೆಟ್‌ಗಳು ರೇಷ್ಮೆಯ ಮಡಿಕೆಯಂತೆ ಮಿನುಗುತ್ತಾ ಸುಳಿಯುತ್ತವೆ; ಮಿನುಗು ಕಾಣದಿದ್ದರೆ ಆ ಚೀಲವನ್ನು ಪಕ್ಕಕ್ಕಿಡುತ್ತೇವೆ.

ಆ ಕೃಷಿಕರ ಕಾಲಿನ ಕೀವು ತೆಗೆದು, ತಕ್ಕ ಆ್ಯಂಟಿಬಯೋಟಿಕ್ ಕೊಟ್ಟ ಆರನೆಯ ದಿನ ಎಣಿಕೆ 1.9 ಲಕ್ಷಕ್ಕೆ ಬಂದಿತ್ತು. ಒಂದು ಚೀಲವನ್ನೂ ಹಾಕಿರಲಿಲ್ಲ. ಅಂದಿನ ಸ್ಲೈಡಿನಲ್ಲಿ, ಮಜ್ಜೆಯಿಂದ ಆಗಷ್ಟೇ ಹೊರಟ ದೊಡ್ಡ ಗಾತ್ರದ ಎಳೆಯ ಪ್ಲೇಟ್‌ಲೆಟ್‌ಗಳು, ಕೆಲವಂತೂ ಕೆಂಪುಕಣದಷ್ಟೇ ಅಗಲ, ಅಲ್ಲಲ್ಲಿ ಕಾಣಿಸಿಕೊಂಡವು.