ಜೊಳ್ಳು ಯಾಕಾಯ್ತು? ಬೆಳಗ್ಗೆ ಹತ್ತರ ಹೂವನ್ನು ಕೇಳಿ

ಕಳೆದ ಬೇಸಿಗೆ ಬೆಳೆಯಲ್ಲಿ ಪಾಂಡವಪುರದ ಕಡೆಯ ರೈತರೊಬ್ಬರು ಒಂದು ಹಿಡಿ ಭತ್ತದ ತೆನೆ ಕಿತ್ತುಕೊಂಡು ಬಂದಿದ್ದರು. "ಗೊಬ್ಬರ ಹಾಕಿದ್ದೀನಿ, ಎರಡು ಸಲ ಔಷಧಿ ಹೊಡೆದಿದ್ದೀನಿ, ಆದ್ರೂ ಅರ್ಧಕ್ಕರ್ಧ ಜೊಳ್ಳು ಸಾ" ಅಂದರು. ತೆನೆ ಪೂರ್ತಿ ಬೆಳ್ಳಗಾಗಿ, ಎಳೆದರೆ ಕೈಗೆ ಬರುವ ಹಾಗಿದ್ದರೆ ಕಾಂಡ ಕೊರೆಯುವ ಹುಳು ಅನ್ನಬಹುದಿತ್ತು. ಹಾಗಿರಲಿಲ್ಲ. ತಿಗಣೆ ಚುಚ್ಚಿದ ಕಂದು ಚುಕ್ಕೆಯೂ ಕಾಣಲಿಲ್ಲ. ಒಂದು ಜೊಳ್ಳನ್ನು ಉಗುರಿನಲ್ಲಿ ಬಿಡಿಸಿದೆ. ಒಳಗೆ ಬಿರಿಯದೇ ಒಣಗಿದ ಪರಾಗದ ಚೀಲಗಳು ಹಾಗೇ ಉಳಿದಿದ್ದವು.

"ಯಜಮಾನ್ರೆ, ಹೂವಾಡುವಾಗ ಔಷಧಿ ಎಷ್ಟು ಹೊತ್ತಿಗೆ ಹೊಡೆದ್ರಿ?"

"ಬೆಳಗ್ಗೆ ಹತ್ತಕ್ಕೆ ಶುರು ಮಾಡ್ದೆ, ಹನ್ನೆರಡಕ್ಕೆ ಮುಗೀತು."

ಭತ್ತದ ಹೂವು ತೆರೆಯುವುದೂ ಅದೇ ಹೊತ್ತಿಗೆ. ಬಿಸಿಲಿದ್ದ ದಿನ 10 ಗಂಟೆಗೆ ಗದ್ದೆಗಿಳಿದು ಒಂದು ತೆನೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ತುದಿಯ ಕಡೆಯ ಸಿಪ್ಪೆಗಳು ಬಾಯಿ ಬಿಟ್ಟಿರುತ್ತವೆ. ಪ್ರತಿ ಹೂವಿನಿಂದ 6 ಹಳದಿ ಚೀಲಗಳು ಎಳೆ ಹಿಡಿದು ಹೊರಗೆ ತೂಗುತ್ತಿರುತ್ತವೆ. ಒಳಗೆ ಪುಟ್ಟ ಗರಿಯಂಥ ಎರಡು ತುದಿಗಳು, ಅದು ಹೆಣ್ಣಿನ ಭಾಗ. ಚೀಲ ಬಿರಿದು ಪುಡಿ ಆ ಗರಿಯ ಮೇಲೆ ಉದುರಬೇಕು. ಸುಮಾರು ಒಂದು ಗಂಟೆ ಕಳೆದರೆ ಸಿಪ್ಪೆ ಮುಚ್ಚಿಕೊಳ್ಳುತ್ತದೆ. ಆ ಹೂವು ಮತ್ತೆ ತೆರೆಯುವುದಿಲ್ಲ. ಹೊರಗೆ ಬಿದ್ದ ಪರಾಗವಂತೂ ಕೆಲವೇ ನಿಮಿಷದಲ್ಲಿ ಸತ್ತುಹೋಗುತ್ತದೆ.

ಆ ಪುಡಿಯ ಒಂದು ಕಣದೊಳಗೆ ಏನಿದೆ ಅಂತ ತಿಳಿದರೆ ಭತ್ತದ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ. ಅದರಲ್ಲಿ ಒಂದು ದೊಡ್ಡ ಜೀವಕೋಶ, ಎರಡು ಸಣ್ಣವು. ದೊಡ್ಡದು ಗರಿಯ ಮೇಲೆ ಬಿದ್ದ ಕೂಡಲೇ ಕೊಳವೆಯಂತೆ ಉದ್ದ ಬೆಳೆದು ಒಳಗಿನ ಅಂಡದವರೆಗೆ ದಾರಿ ಮಾಡುತ್ತದೆ. ಸಣ್ಣವೆರಡೂ ಆ ಕೊಳವೆಯಲ್ಲಿ ಸಾಗಿ ಹೋಗುತ್ತವೆ. ಒಂದು ಅಂಡವನ್ನು ಸೇರಿ ಮೊಳಕೆಯಾಗುತ್ತದೆ. ಇನ್ನೊಂದು ಪಕ್ಕದ ಕೋಶವನ್ನು ಸೇರಿ ಆ ಮೊಳಕೆಗೆ ಬೇಕಾದ ಆಹಾರ ಕಟ್ಟುತ್ತದೆ. ಹೂ ಬಿಡುವ ಗಿಡಗಳಲ್ಲಿ ಹೀಗೆ ಎರಡೆರಡು ಕೂಡಿಕೆ ನಡೆಯುತ್ತದೆ ಅಂತ ರಷ್ಯಾದ ಸಸ್ಯವಿಜ್ಞಾನಿ ನವಾಶಿನ್ 1898ರಲ್ಲಿ ಕಂಡರು. ಪಾಲಿಶ್ ಮಾಡಿದ ಅಕ್ಕಿ ಅಂದರೆ ಆ ಎರಡನೆಯ ಕೂಡಿಕೆಯ ಆಹಾರವೇ. ನಾವು ಉಣ್ಣುವ ಅನ್ನ ಅದು. ಪರಾಗ ಕೈಕೊಟ್ಟರೆ ಮೊಳಕೆಯೂ ಇಲ್ಲ, ಅನ್ನವೂ ಇಲ್ಲ. ಸಿಪ್ಪೆ ಮಾತ್ರ.

ಹೈಬ್ರಿಡ್ ಭತ್ತದ ಬೀಜೋತ್ಪಾದನೆಯ ತಾಕಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಕೊಟ್ಟ ಕೆ.ಆರ್.ಎಚ್-2 ತಳಿಯನ್ನೇ ತಗೊಳ್ಳಿ. ಅದರ ಬೀಜ ಕಟ್ಟುವ ತಾಯಿ ಸಾಲಿನಲ್ಲಿ ಪರಾಗ ಬಂಜೆ. ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳ್ಳೆ ಪರಾಗ ಗುಂಡಗೆ, ಕಪ್ಪುನೀಲಿಯಾಗಿ ಕಾಣುತ್ತದೆ. ಬಂಜೆ ಪರಾಗ ಬಣ್ಣವೇ ಹಿಡಿಯದೆ ಮುದುಡಿಕೊಂಡಿರುತ್ತದೆ. ಅದಕ್ಕೇ ಹೂವಾಡುವ ಹೊತ್ತಿಗೆ ಗದ್ದೆಯ ಮೇಲೆ ಹಗ್ಗ ಎಳೆದು ತಂದೆ ಸಾಲಿನ ಪುಡಿಯನ್ನು ತಾಯಿ ಸಾಲಿಗೆ ಹಾರಿಸುತ್ತಾರೆ. ಇಡೀ ಬೀಜದ ಇಳುವರಿ ಆ ಹಗ್ಗದ ಮೇಲೆ ನಿಂತಿರುತ್ತದೆ.

ಪಾಂಡವಪುರದ ಆ ಗದ್ದೆಯಲ್ಲಿ, ತೆರೆದ ಹೂವಿಗೆ ಬಿದ್ದು ಪರಾಗ ಕೆಡಿಸಿದ ಔಷಧಿಯ ನೀರಿನದ್ದೊಂದೇ ತಪ್ಪಲ್ಲ. ನಾಟಿ ತಡವಾಗಿ ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಿತ್ತು. ಹೂವಾಡುವಾಗ 35 ಡಿಗ್ರಿ ದಾಟಿದರೆ ಪರಾಗದ ಚೀಲ ಸರಿಯಾಗಿ ಬಿರಿಯುವುದಿಲ್ಲ. ಅಂಥ ದಿನಗಳಲ್ಲಿ ಗದ್ದೆಯಲ್ಲಿ ನೀರು ನಿಂತಿರಲಿ, ಒಣಗಿಸಲೇಬೇಡಿ. ಔಷಧಿ ಹೊಡೆಯಲೇಬೇಕಾದರೆ ಮಧ್ಯಾಹ್ನ 3ರ ಮೇಲೆ. ಒಂದು ತೆನೆ ತುದಿಯಿಂದ ಬುಡದವರೆಗೆ ಹೂವಾಡಿ ಮುಗಿಸಲು ಸುಮಾರು ಒಂದು ವಾರ ಬೇಕು. ಇಡೀ ಗದ್ದೆಗೆ ಇನ್ನೂ ಜಾಸ್ತಿ. ಅಷ್ಟು ದಿನ ಬೆಳಗಿನ ಹೊತ್ತು ಔಷಧಿ ಪಂಪು ಕೆಳಗಿರಲಿ.

ನಾಲೆಗೆ ನೀರು ತಡವಾಗಿ ಬಂದ ವರ್ಷ ಇನ್ನೊಂದು ತೊಂದರೆ. ಆಗ ಹೊಡೆ, ಅಂದರೆ ತೆನೆ ಹೊರಬರುವ ಮುಂಚಿನ ಉಬ್ಬು, ತುಂಬುವುದು ಮಾಗಿ ಚಳಿಯಲ್ಲಿ. ಹೊಡೆಯೊಳಗೇ ಪರಾಗ ಕೆಡುತ್ತದೆ. ಯೂರಿಯಾ ಜಾಸ್ತಿಯಾಗಿದ್ದರೆ ಇನ್ನೂ ಹೆಚ್ಚು ಕೆಡುತ್ತದೆ. ಪೈರು ಹಸಿರಾಗಿ ಚೆನ್ನಾಗಿದೆ ಅಂತ ಹೊಡೆ ಸಮಯದಲ್ಲಿ ಮತ್ತೆ ಒಂದು ಮೂಟೆ ಯೂರಿಯಾ ಎರಚಬೇಡಿ. ಚಳಿ ಜೋರಿದ್ದ ರಾತ್ರಿ ಗದ್ದೆಗೆ ಒಂದಿಷ್ಟು ಹೆಚ್ಚು ನೀರು ಕಟ್ಟಿ. ಒಳಗಿರುವ ಎಳೆ ತೆನೆಗೆ ಆ ನೀರೇ ಕಂಬಳಿ.